ಎರಡನೆಯ ಓಟ

ಕಾಲುಚೀಲ ಹಿಮ್ಮಡಿ ದಾಟಲೊಲ್ಲದು. ಉದ್ದಣ್ಣ ನೆಲದ ಮೇಲೆ ಕೂತು, ಹೆಣದ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಎಳೆಯುತ್ತಿದ್ದ. ಎರಡೂ ಹೆಬ್ಬೆರಳ ಉಗುರು ಕಪ್ಪುಗಟ್ಟಿದ್ದವು. ಅರ್ಧ ಆಯುಷ್ಯ ಚೆಂಡಿನ ಹಿಂದೆ ಓಡಿ, ಒಮ್ಮೆಯೂ ಅದನ್ನು ಒದೆಯದ ಕಾಲು.

"ನೋಯುತ್ತೇನೋ ಅನ್ನೋ ಹಾಗೆ ಹಾಕ್ತಿದ್ದೀಯಲ್ಲೋ," ಎಂದಳು ಸತ್ತವನ ಹೆಂಡತಿ.

"ಮಡಿಕೆ ಬಿದ್ರೆ ಬೊಕ್ಕೆ ಏಳುತ್ತೆ ಅಂತ ಬೈಯೋನು, ಅತ್ತಿಗೆ." ಸತ್ತ ಗೆಳೆಯನಂತೆ ಉದ್ದಣ್ಣನೂ ಫುಟ್‌ಬಾಲ್ ರೆಫರಿಯೇ.

ಅವಳಿಗೆ ನಗು ಬಂತು. ಅಷ್ಟರಲ್ಲಿ ಸೆಂಟಿನ ಘಾಟು ಒಳನುಗ್ಗಿತು. ಹಿಂದೆಯೇ ರೆಫರಿಗಳ ಸಂಘದ ಕಾರ್ಯದರ್ಶಿ. ಆತ ಅವಳನ್ನು ಅಡುಗೆಮನೆಗೆ ಕರೆದ.

"ನೋಡಿ ತಾಯಿ, ಅವರಿಗೆ ಮೊದಲಿಂದ ಎದೆನೋವಿತ್ತು, ನಮ್ಮ ಹತ್ರ ಮುಚ್ಚಿಟ್ಟಿದ್ರು. ಸ್ಮಶಾನದಲ್ಲಿ ನಾನು ಹಾಗೇ ಎರಡು ಮಾತಾಡ್ತೀನಿ. ನೀವು ಸುಮ್ಮನಿದ್ರೆ ಸಾಕು."

"ಇವರಿಗೆ ಯಾವ ನೋವೂ ಇರ್ಲಿಲ್ಲ."

"ಇತ್ತು ಅಂದ್ಕೊಳ್ಳಿ. ನಮ್ಮ ಆಫೀಸಲ್ಲಿ ಒಂದು ಕುರ್ಚಿ ಖಾಲಿ ಇದೆ, ನಿಮ್ಮ ಮಗಳಿಗೆ." ಪಕ್ಕದ ಮನೆಯಾಕೆ ತಂದಿಟ್ಟ ಬಿಸ್ಕತ್ತು ಮುರಿದು ಬಾಯಿಗೆ ಹಾಕಿಕೊಂಡ; ತಟ್ಟೆಯ ಪುಡಿಯನ್ನು ಎಂಜಲು ಬೆರಳಿಗೆ ಅಂಟಿಸಿಕೊಂಡು ನೆಕ್ಕಿದ.

ಬಾಗಿಲಲ್ಲಿ ಮಗಳು ನಿಂತಿದ್ದಳು. ಓದು ಮುಗಿಸಿ ಕೆಲಸಕ್ಕೆ ಅಲೆದಲೆದು ಸೋತ ಹುಡುಗಿ. ಹೆಂಡತಿ ಅವಳ ಮುಖ ನೋಡಿ, ಖಾಲಿ ತಟ್ಟೆ ಎತ್ತಿ ತೊಳೆಯಲಿಟ್ಟಳು.

*

ಆದದ್ದನ್ನೆಲ್ಲ ಉದ್ದಣ್ಣ ಆಸ್ಪತ್ರೆಯಲ್ಲೇ ಹೇಳಿದ್ದ. ವರ್ಷಕ್ಕೊಮ್ಮೆ ಫಿಟ್‌ನೆಸ್ ಟೆಸ್ಟ್. ಸೀಟಿ ಊದಿದರೆ ಓಡಬೇಕು, ಮತ್ತೆ ಊದುವುದರೊಳಗೆ ಗುರುತು ಮುಟ್ಟಬೇಕು. ತಪ್ಪಿದರೆ ಆ ವರ್ಷ ಪಂದ್ಯವಿಲ್ಲ. ಬೆಳಗಿನ ತಂಪಿನಲ್ಲೇ ಗಂಡ ಪಾಸಾಗಿದ್ದ. ಬೂಟು ಬಿಚ್ಚಿ ಕಾಲು ಚಾಚಿದ್ದ.

ನಡುಹಗಲಿಗೆ ಕಾರ್ಯದರ್ಶಿಯ ಕಾರು ಬಂತು. ಎಲ್ಲೋ ಔತಣ ಮುಗಿಸಿ ಬಂದವ, ಕೊಡೆಯ ಕೆಳಗೆ ಕೂತು ಬೆಲ್ಟು ಸಡಿಲಿಸಿ ತೇಗಿದ. "ನಾನು ನೋಡದ ಓಟ ಓಟವಲ್ಲ. ಎಲ್ಲರೂ ಇನ್ನೊಮ್ಮೆ!"

ಬಿಸಿಲಲ್ಲಿ ಉದ್ದಣ್ಣ ಬೇಕೆಂದೇ ನಿಧಾನಿಸಿ ಗೆಳೆಯನ ಪಕ್ಕಕ್ಕೆ ಬಂದಿದ್ದ. "ನಾನೂ ನಿಲ್ತೀನಿ, ನೀನೂ ನಿಂತುಬಿಡೋ."

"ನಿಂತ್ರೆ ಬೆಳಿಗ್ಗೆ ಓಡಿದ್ದೂ ಸುಳ್ಳಾಗುತ್ತೆ ಕಣೋ."

ಕೊನೆಯ ಗುರುತಿನ ಬಳಿ ಗೆಳೆಯ ಮುಖ ಕೆಳಗಾಗಿ ಬಿದ್ದ. ಕಾರ್ಯದರ್ಶಿ ಕೂತಲ್ಲಿಂದಲೇ ಕೇಳಿದ್ದು ಒಂದೇ: "ಗುರುತು ಮುಟ್ಟಿದ್ನಾ?"

*

ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಶವಪೆಟ್ಟಿಗೆ ಹಿಡಿಯಲಿಲ್ಲ. ರೆಫರಿಗಳು ಹೆಗಲು ಕೊಟ್ಟು ಮೆಟ್ಟಿಲಿಳಿದರು. ಕೊನೆಯ ಸುತ್ತಿನಲ್ಲಿ, ಕೆಳಗೆ ಕ್ಯಾಮೆರಾ ಹಿಡಿದ ಫೋಟೋದವ ಕಾಣುತ್ತಲೇ ಕಾರ್ಯದರ್ಶಿ ಉದ್ದಣ್ಣನನ್ನು ಸರಿಸಿ ಮುಂದಿನ ಮೂಲೆಗೆ ಹೆಗಲೊಡ್ಡಿದ. ಅವನ ಹೆಗಲಿಗೂ ಪೆಟ್ಟಿಗೆಗೂ ನಡುವೆ ಒಂದು ಅಂಗೈ ತೂರುವಷ್ಟು ಜಾಗವಿತ್ತು.

"ಸಾರ್, ಕತ್ತಲೆ. ನಿಮ್ಮ ಮುಖ ಬಂದಿಲ್ಲ," ಎಂದ ಫೋಟೋದವ.

"ಹಾಗಾದ್ರೆ ಇನ್ನೊಮ್ಮೆ ಹತ್ತಿ ಇಳಿಯೋಣ. ನಾಲ್ಕು ಮೆಟ್ಟಿಲು ತಾನೆ? ಹೂಂ, ತಿರುಗಿ!"

ಮಾತು ಕೇಳಿ ಕೇಳಿ ಪಳಗಿದ ಕಾಲುಗಳು. ಹೊತ್ತವರು ತಿರುಗಿಯೇಬಿಟ್ಟರು. ಒಬ್ಬನ ಬೂಟು ಮೇಲಿನ ಮೆಟ್ಟಿಲನ್ನೂ ಏರಿತು. ಹೆಂಡತಿ ಮಗಳ ಕಡೆ ನೋಡಿದಳು.

"ಹೇಳಮ್ಮಾ," ಎಂದಳು ಮಗಳು. "ಆ ಕುರ್ಚಿ ನಂಗೆ ಬೇಡ."

ಹೆಂಡತಿ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಕೆಳಗೆ ನೆರೆದವರಿಗೆಲ್ಲ ಕೇಳುವಂತೆ ಹೇಳಿದಳು: "ಇವರಿಗೆ ಯಾವ ಕಾಯಿಲೆನೂ ಇರ್ಲಿಲ್ಲ. ಬೆಳಿಗ್ಗೆ ಓಡಿ ಪಾಸಾಗಿದ್ರು. ಈ ಮನುಷ್ಯ ಉಂಡು ಬಂದು, ತಾನು ನೋಡ್ಲಿಲ್ಲ ಅಂತ ಸುಡೋ ಬಿಸಿಲಲ್ಲಿ ಇವರನ್ನ ಮತ್ತೆ ಓಡಿಸಿದ. ಸಾಕು. ಇನ್ನು ಇವರು ಒಂದು ಹೆಜ್ಜೆನೂ ಹಿಂದಕ್ಕೆ ಬರಲ್ಲ."

ಏರಿದ್ದ ಬೂಟು ಕೆಳಗಿಳಿಯಿತು. ಉದ್ದಣ್ಣ ಬಗ್ಗಿ, ಮುಂದಿನ ಮೂಲೆಗೆ ಹೆಗಲು ಕೊಟ್ಟ. ಪೆಟ್ಟಿಗೆ ಬಾಗಿಲು ದಾಟಿ ಬೆಳಕಿಗೆ ಹೋಯಿತು.

ಆಗ ಕ್ಯಾಮೆರಾದ ಬೆಳಕು ಹೊಳೆಯಿತು. ಕೊನೆಯ ಮೆಟ್ಟಿಲ ಮೇಲೆ ಕಾರ್ಯದರ್ಶಿ, ಮುಖದ ತುಂಬ ದುಃಖ ಜೋಡಿಸಿಕೊಂಡು, ಏನೂ ಇಲ್ಲದ ಹೆಗಲನ್ನು ಎತ್ತಿಕೊಂಡೇ ನಿಂತಿದ್ದ.