ಸೀಟಿ ಮಾಸ್ತರರ ದಂಪತಿ ಪ್ರವಾಸ

ಹಲ್ಲಿದ್ದಾಗ ಕಡಲಿಲ್ಲ, ಕಡಲಿದ್ದಾಗ ಹಲ್ಲಿಲ್ಲ. ಗಾದೆ ಕೆಡಿಸಿದನೆಂದು ಸಿಟ್ಟಾಗಬೇಡಿ. ಕಡಲೆಯ ಗಾದೆ ಹಿರಿಯರದು, ಕಡಲಿನದು ನನ್ನ ಕಣ್ಣೆದುರಿಗೇ ನಡೆದದ್ದು. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಹಲ್ಲೂ ಉದುರಲಿ.

೧೯೯೮ರ ಜನವರಿ. ಕೊಟ್ಟೂರಿನ ಗೋಡೆಗಳ ಮೇಲೆ ಪೋಸ್ಟರು ಬಿದ್ದಿತ್ತು: ‘ಕಡಲ ದಂಡೆಗುಂಟ ದಂಪತಿ ಪ್ರವಾಸ. ಗೋಕರ್ಣ, ಮುರುಡೇಶ್ವರ, ಮರವಂತೆ, ಉಡುಪಿ. ಜೋಡಿಯಾಗಿ ಬನ್ನಿ.’ ವ್ಯವಸ್ಥಾಪಕರು ಹಾಲಸ್ವಾಮಿ, ನಿವೃತ್ತ ಡ್ರಿಲ್ ಮಾಸ್ತರು. ನನಗೂ ಮೂರು ವರ್ಷ ಕವಾಯತು ಮಾಡಿಸಿದವರು. ಮದುವೆಯಾಗಿ ಎರಡೇ ತಿಂಗಳಾಗಿದ್ದ ನಾನೂ ಶೈಲಾಳೂ ಹಿಗ್ಗಿನಿಂದ ಹೆಸರು ಬರೆಸಿದೆವು.

ಮೋಸ ಗೊತ್ತಾದದ್ದು ಬಸ್ಸು ಹತ್ತುವಾಗ. ಮಾಸ್ತರು ಬಾಗಿಲಲ್ಲಿ ಬ್ಯಾಟರಿ ಮೈಕು ಹಿಡಿದು ನಿಂತಿದ್ದರು.

“ಹೆಣ್ಮಕ್ಕಳು ಮುಂದ, ಗಂಡಸರು ಹಿಂದ. ಬಸ್ಸು ಹೊಂಟಾಗ ಯಾರೂ ಆ ಕಡೆ ಈ ಕಡೆ ದಾಟಂಗಿಲ್ಲ. ಶಿಸ್ತು ಅಂದ್ರ ಶಿಸ್ತು, ತಿಳೀತಲ್ಲ್ರಿ?”

ಹೀಗೆ ದಂಪತಿಯೊಳಗಿನ ‘ದಂ’ ಮುಂದಕ್ಕೆ ಹೋಯಿತು, ‘ಪತಿ’ ಹಿಂದೆ ಉಳಿಯಿತು. ಸೀಟು ಹಂಚುವವರೂ ಅವರೇ, ಸೀಟಿ ಊದುವವರೂ ಅವರೇ. ಹುಡುಗರ ಸಾಲು ಕಾಯ್ದ ರೂಢಿಯಲ್ಲಿ ಕಟ್ಟಕಡೆಯ ಸೀಟು ಹಿಡಿದರು. ಅವರ ಹೆಂಡತಿ ಮೈಲಮ್ಮ ಎಲೆಯಡಿಕೆ ಚೀಲ ಇಟ್ಟುಕೊಂಡು ಮೊದಲನೇ ಸೀಟಿನಲ್ಲಿ. ಲಾಡ್ಜಿನಲ್ಲೂ ಹೆಂಗಸರ ಹಾಲು ಬೇರೆ, ಗಂಡಸರ ಹಾಲು ಬೇರೆ. ಹಾಲಸ್ವಾಮಿ ನಮ್ಮ ಪ್ರವಾಸಕ್ಕೆ ಹುಳಿ ಹಿಂಡಿದ್ದರು.

ನನ್ನ ಸಿಟ್ಟು ಹೇಗಾದರೂ ಇರಲಿ, ನಾಗಲಿಂಗಮ್ಮನದನ್ನು ಕೇಳಿ. ಕಾನಹೊಸಹಳ್ಳಿಯಲ್ಲಿ ಸೈಕಲ್ ಷಾಪಿಟ್ಟ ಬೆನಕಪ್ಪನವರ ಹೆಂಡತಿ. ಹರಪನಹಳ್ಳಿಯಲ್ಲಿ ಚಹಾಕ್ಕೆ ಇಳಿದಾಗಲೇ ಶೈಲಾಳಿಗೆ ಹೇಳಿದ್ದರು: “ಮದುವಿ ದಿನ ಜೋಡಿಗೆ ನಿಂತಿದ್ದೇ ಕಡೀ ತಂಗಿ. ಮೂವತ್ತು ವರ್ಷ ಅವರು ಮುಂದ, ನಾನು ಹಿಂದ. ಒಂದ್ಸಲ ಇಬ್ರೂ ಕೈ ಹಿಡಕೊಂಡು ಸಮುದ್ರದಾಗ ನಿಲ್ಬೇಕು. ಅಷ್ಟಕ್ಕ ಬಂದೀನಿ.”

ಗೋಕರ್ಣದಲ್ಲಿ ಕಡಲಿಗಿಳಿಯಲು ಹೆಂಗಸರಿಗೆ ಹತ್ತು ನಿಮಿಷ. ಸೀಟಿ. ಅವರು ಹೊರಗೆ ಬಂದ ಮೇಲೆ ಗಂಡಸರಿಗೆ ಹತ್ತು ನಿಮಿಷ. ಒದ್ದೆ ಮರಳಿನ ಮೇಲೆ ನಾಗಲಿಂಗಮ್ಮ ಬರುತ್ತಿದ್ದರು, ಬೆನಕಪ್ಪ ಹೋಗುತ್ತಿದ್ದರು, ಎದುರುಬದುರು ಬಂದ ಬಸ್ಸುಗಳ ಹಾಗೆ.

“ಉಪ್ಪು ಅದಾವೇನು ನೀರು?” ಎಂದರು ಬೆನಕಪ್ಪ. ಆಕೆ ಸೆರಗಿನ ನೀರು ಹಿಂಡುತ್ತ ಮುಂದೆ ನಡೆದರು.

ಮುರುಡೇಶ್ವರದಲ್ಲೂ ಇದೇ ಆಟ. ಆಗ ಆಕೆ ಮಾಸ್ತರ ಎದುರಿಗೇ ನಿಂತರು.

“ಮಾಸ್ತರ, ಇದೇನು ಆಸ್ಪತ್ರಿ ವಾರ್ಡೇನ್ರಿ, ಹೆಂಗಸರ್ದು ಬ್ಯಾರೆ ಗಂಡಸರ್ದು ಬ್ಯಾರೆ ಇರಾಕ? ಜೋಡಿ ಅಂತ ಬರದೀರಿ. ಚಪ್ಲಿ ಜೋಡಿನೂ ಒಂದ ಮೂಲ್ಯಾಗ ಇರ್ತೈತಿ.”

“ಜೋಡಿಗೆ ಬಿಟ್ರ ಮಾತಾಡ್ಕೊಂತ ತಪ್ಪಿಸ್ಕೊಂತೀರಿ ತಾಯಿ. ನಲವತ್ತು ಮಂದಿ ಕರಕೊಂಡ್ ಬಂದೀನಿ, ನಲವತ್ತೂ ಮಂದಿನ್ನ ಊರಿಗೆ ಮುಟ್ಟಿಸಬೇಕು.”

“ಮರವಂತ್ಯಾಗರ ಬಿಡ್ತೀರೇನು?”

“ಮರವಂತಿ ಕಿಟಕ್ಯಾಗಿಂದ ನೋಡೂದು. ಇಳಿಯಂಗಿಲ್ಲ.”

ಮರವಂತೆಯೇ ನಮ್ಮ ಕೊನೆಯ ಕಡಲು. ಅದಾದ ಮೇಲೆ ಉಡುಪಿಯ ಗುಡಿ, ಆಮೇಲೆ ಘಟ್ಟ, ಆಮೇಲೆ ಊರು. ಮಧ್ಯಾಹ್ನ ನಾಗಲಿಂಗಮ್ಮ ಎಲೆಯ ಮುಂದೆ ಕೂತರೂ ತುತ್ತು ಎತ್ತಲಿಲ್ಲ. ಬೆನಕಪ್ಪ ದೂರದ ಗಂಡಸರ ಸಾಲಿನಿಂದ ಆಕೆಯನ್ನೇ ನೋಡುತ್ತ ಅನ್ನ ಕಲಸಿದ್ದೇ ಕಲಸಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ನನ್ನ ಹತ್ತಿರ ಒಂದು ಗುಟ್ಟಿತ್ತು. ಗೋಕರ್ಣದ ಲಾಡ್ಜಿನಲ್ಲಿ ಬೆಳಿಗ್ಗೆ ಮುಖ ತೊಳೆಯಲು ಹೋದಾಗ ಸ್ಟೀಲ್ ಲೋಟದೊಳಗೆ ಎರಡು ಸಾಲು ಹಲ್ಲು ನನ್ನನ್ನು ನೋಡಿ ನಗುತ್ತಿದ್ದವು. ಹಾಲಸ್ವಾಮಿಯವರಿಗೆ ಹಾಲುಹಲ್ಲು ಮೂಡುವ ಮೊದಲಿನ ಬಾಯಿ ವಾಪಸ್ ಬಂದಿತ್ತು. “ಯಾರ ಮುಂದೂ ಅನಬ್ಯಾಡಲೇ ಅಮರೇಶ,” ಎಂದು ಕೈ ಹಿಡಿದಿದ್ದರು. ಹೊಸ ಸೆಟ್ಟು, ವಸಡಿಗೆ ಒತ್ತುತ್ತಿತ್ತು. ಊಟವಾದ ಮೇಲೆ ತೆಗೆದು ಕರವಸ್ತ್ರದಲ್ಲಿ ಸುತ್ತಿ ಮೈಲಮ್ಮನಿಗೆ ಕೊಡುವರು. ಆಕೆ ತೊಳೆದು ಎಲೆಯಡಿಕೆ ಚೀಲದಲ್ಲಿಟ್ಟು ಮುಂದಿನ ನಿಲುಗಡೆಯಲ್ಲಿ ಮರಳಿಸುವರು. ಅಲ್ಲಿಯವರೆಗೆ ಮಾಸ್ತರು ಮುಖದ ಮೇಲೆ ಟವೆಲು ಹಾಕಿ ನಿದ್ದೆಯ ನಟನೆ.

ಅಂದರೆ ಅವರದೇ ಶಿಸ್ತಿನ ಪ್ರಕಾರ ಹಲ್ಲು ಮುಂದೆ, ಬಾಯಿ ಹಿಂದೆ.

ನಾನು ಗುಟ್ಟು ಯಾರಿಗೂ ಹೇಳಲಿಲ್ಲ. ಕೊಟ್ಟ ಮಾತು ಮಾತೇ. ಮರವಂತೆಯಲ್ಲಿ ರಸ್ತೆಯ ಬಲಕ್ಕೆ ಕಡಲು, ಎಡಕ್ಕೆ ಹೊಳೆ ಕಾಣಿಸಿದ್ದೇ ತಡ, ಮಾಸ್ತರ ಪಕ್ಕದಲ್ಲಿದ್ದ ಮೈಕು ಎತ್ತಿಕೊಂಡು ಸೀಟಿನ ಮರೆಗೆ ಬಗ್ಗಿದೆ. ಮೂರು ವರ್ಷ ಕೇಳಿದ ದನಿ, ಗಂಟಲಲ್ಲೇ ಕೂತಿತ್ತು.

“ತಿಪ್ಪೇಶ, ಗಾಡಿ ನಿಲ್ಸು. ಎಲ್ಲಾರೂ ಇಳೀರಿ. ಎರಡು ತಾಸು. ಗಂಡ-ಹೆಂಡ್ತಿ ಕೈಕೈ ಹಿಡಕೊಂಡೇ ನೀರಿಗಿಳೀಬೇಕು. ಶಿಸ್ತು ಅಂದ್ರ ಶಿಸ್ತು, ತಿಳೀತಲ್ಲ್ರಿ?”

ಡ್ರೈವರ್ ತಿಪ್ಪೇಶ ಬ್ರೇಕು ಒತ್ತಿದ. ಮಾಸ್ತರು ಧಡಕ್ಕನೆ ಎದ್ದರು. ಬಾಯಿ ತೆರೆದರೆ ಮಾನ ಹೋಗುತ್ತದೆ, ಮುಚ್ಚಿದರೆ ಬಸ್ಸು ಖಾಲಿಯಾಗುತ್ತದೆ. ತುಟಿ ಬಿಗಿದು “ಹ್ಮ್, ಹ್ಮ್” ಎಂದು ಕೈ ಬೀಸಿದರು. “ಲಗೂ ಇಳೀರಂತ,” ಎಂದು ಬೆನಕಪ್ಪ ಎಲ್ಲರಿಗಿಂತ ಮೊದಲು ಹಾರಿದರು. ಮಾಸ್ತರು ಸೀಟಿ ಬಾಯಿಗಿಟ್ಟರು. ಕಚ್ಚಿ ಹಿಡಿಯಲು ಹಲ್ಲಿಲ್ಲದೆ ಅದು ‘ಫುಸ್’ ಎಂದು ಜಾರಿ ಕೊರಳಿಗೆ ಜೋತುಬಿತ್ತು. ನಾನು ಮೈಕನ್ನು ಎರಡೂ ಕೈಯಿಂದ ವಿನಯವಾಗಿ ಅವರಿಗೆ ಒಪ್ಪಿಸಿದೆ.

ಕೆಳಗೆ ಅವರು ಮೈಲಮ್ಮನ ಮುಂದೆ ಕೈಯೊಡ್ಡಿದಾಗ ಆಕೆ ಚೀಲವನ್ನು ಕಂಕುಳಿಗೆ ಒತ್ತಿಕೊಂಡರು.

“ನಿಮ್ಮ ಹಲ್ಲು ನನ್ನ ಚೀಲದಾಗ, ನಿಮ್ಮ ಮಾತು ಹಿಂದಿನ ಸೀಟಿನ್ಯಾಗ. ಯಾರು ಮಾತಾಡ್ಯಾರಂತ ನನಗ ತಿಳೀಲಿಲ್ಲೇನು?” ದನಿ ತಗ್ಗಿಸಿ ಹೇಳುತ್ತ ಓರೆಗಣ್ಣಲ್ಲಿ ನನ್ನನ್ನು ನೋಡಿದರು. “ಯಾರರ ಆಡ್ಲಿ, ಆಡಿದ್ದು ಚಲೋ ಮಾತು. ನನಗೇನು ಸಮುದ್ರ ಬ್ಯಾಡೇನ್ರಿ? ಜೋಡಿಗೆ ನೀರಿಗೆ ನಡೀರಿ, ಆಮ್ಯಾಲೆ ಹಲ್ಲು.”

ನಾಗಲಿಂಗಮ್ಮ ಆಗಲೇ ಮೊಣಕಾಲುದ್ದ ನೀರಿನಲ್ಲಿದ್ದರು. ಬೆನಕಪ್ಪನವರ ಗ್ರೀಸು ಕುಡಿದ ಕಪ್ಪು ಬೆರಳುಗಳನ್ನು ಗಟ್ಟಿಯಾಗಿ ಹಿಡಿದಿದ್ದರು. ಅಲೆ ಬಂದಾಗಲೂ ಬಿಡಲಿಲ್ಲ.

ಮೈಲಮ್ಮ ಎಳೆದುಕೊಂಡು ಹೋದರೂ ಮಾಸ್ತರ ಶಿಸ್ತು ಸಾಯಲಿಲ್ಲ. ಪಾದ ನೆನೆದ ಮೇಲೆ ತಡೆಯಲಾರದೆ ಮೈಕನ್ನು ತುಟಿಗೆ ಅಂಟಿಸಿಕೊಂಡರು.

“ಎಲ್ಲಾಊ ಹೊಅಗ ಬಯ್ಯಿ. ಫಿಫ್ತು ಅಂದ್ಯ ಫಿಫ್ತು.”

ನಾಗಲಿಂಗಮ್ಮ ತಿರುಗಿ ಕೂಡ ನೋಡಲಿಲ್ಲ.

“ಯಾವನಪ್ಪಾ ಅವನು, ಮಾಸ್ತರ ಅಣಕ ಮಾಡಾವ? ಸಾಕ್ ಮಾಡು. ಚೂರೂ ಹೋಲಂಗಿಲ್ಲ.”

ಮೈಲಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡರು. ಮಾಸ್ತರು ಮೈಕನ್ನು ನೋಡಿದರು, ನನ್ನನ್ನು ನೋಡಿದರು. ಅವರ ಭುಜ ಕುಲುಕತೊಡಗಿತು. ಆಮೇಲೆ ತುಟಿಯ ಬಿಗಿ ಸಡಿಲಿ, ಬೊಚ್ಚು ಬಾಯಿ ಪೂರ್ತಿ ತೆರೆದು ನಕ್ಕರು. ನಾವೂ ನಕ್ಕೆವು, ಆದರೆ ಮೈಕಿನ ಗುಂಡಿ ಅವರ ಹೆಬ್ಬೆರಳಿನಡಿ ಒತ್ತಿಯೇ ಇತ್ತು, ನಲವತ್ತು ಮಂದಿಯ ನಗುವನ್ನೂ ಅಲೆಯ ಮೊರೆತವನ್ನೂ ಅವರೊಬ್ಬರ ನಗೆಯೇ ಮುಚ್ಚಿಹಾಕಿತು.