ಅಕ್ಕಡಿ ಸಾಲು

ಗಾಳೆವ್ವನಿಗೆ ವಾಸನೆ ತಿಳಿಯುತ್ತಿರಲಿಲ್ಲ. ಕೊರೊನಾ ವರ್ಷ ಬಂದ ಜ್ವರ ಹೋಗುವಾಗ ಅದನ್ನು ತೆಗೆದುಕೊಂಡು ಹೋಗಿತ್ತು. ರೊಟ್ಟಿ ಸೀದರೆ ಹೊಗೆ ಕಂಡ ಮೇಲೆಯೇ ಗೊತ್ತಾಗುತ್ತಿತ್ತು. ನಾಲಿಗೆಗೆ ಉಪ್ಪು, ಖಾರ, ಹುಳಿ ಇಷ್ಟೇ ಉಳಿದಿದ್ದವು. ಮಿಕ್ಕ ಊಟವೆಲ್ಲ ಒದ್ದೆ ಅರಿವೆ ಅಗಿದ ಹಾಗೆ. ಅದಕ್ಕೇ ಆಕೆ ದಿನವೂ ಪುಂಡಿಪಲ್ಯ ಮಾಡುತ್ತಿದ್ದಳು. ಅದರ ಹುಳಿಯೊಂದು ಬಾಯಿಗೆ ಮುಟ್ಟುತ್ತಿತ್ತು.

ಆ ಪುಂಡಿ ಬರುತ್ತಿದ್ದದ್ದು ಸಂಗನಬಸವ ಸಾವಕಾರನ ಹೊಲದ ಅಕ್ಕಡಿ ಸಾಲಿನಿಂದ. ನಮ್ಮ ಕಡೆ ಮೆಣಸಿನಗಿಡದ ಹೊಲದಲ್ಲಿ ನಡುನಡುವೆ ಒಂದು ಸಾಲನ್ನು ಬೇರೆ ಬೆಳೆಗೆ ಬಿಡುತ್ತಾರೆ. ಅದು ಅಕ್ಕಡಿ. ಅದರಲ್ಲಿ ಪುಂಡಿಯನ್ನೋ ಅಲಸಂದಿಯನ್ನೋ ಬಿತ್ತುವವರು, ಕಿತ್ತುಕೊಳ್ಳುವವರು ಆ ಹೊಲದ ಕಸ ತೆಗೆಯುವ ಹೆಂಗಸರು. ಹೊಲ ಸಾವಕಾರನದು, ಅಕ್ಕಡಿ ಕಸ ತೆಗೆಯುವವರದು. ನಮ್ಮ ಕೇರಿಯ ಹೆಂಗಸರಿಗೆ ಇದ್ದ ಜಮೀನು ಅಷ್ಟೇ. ಗಾಳೆವ್ವನ ಅತ್ತೆಯ ಕಾಲದಿಂದ ಅದನ್ನು ಯಾರೂ ಬೇಡ ಅಂದಿರಲಿಲ್ಲ.

ಈ ವರ್ಷ ಆಕೆ ಬೀಜದ ಗಂಟು ಹಿಡಿದು ಹೋದಾಗ ಅಕ್ಕಡಿಯಲ್ಲಿ ಆಗಲೇ ಏನೋ ಮೇಲೆದ್ದಿತ್ತು. ಎಲೆ ಪುಂಡಿಯದರ ಹಾಗೆಯೇ, ಬೆರಳು ಬಿಡಿಸಿದ ಕೈಯಂತಿತ್ತು. ಅಭ್ಯಾಸದಂತೆ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡಳು. ಹುಳಿ ಇರಲಿಲ್ಲ. ಉಗುಳಿದಳು.

ಬದುವಿನ ಮೇಲೆ ಸಂಗನಬಸವ ನಿಂತಿದ್ದ.

"ಏನ ಬೇ, ಮೇಯಾಕ ಹತ್ತೀಯೇನ? ಗೂಟಕ್ಕ ಕಟ್ಟಲ್ಯಾ?"

"ಪುಂಡಿ ಅನ್ಕೊಂಡೆರಿ."

"ಪುಂಡೀನ ಅದು. ಯಾರ ಕೇಳಿದ್ರೂ ಪುಂಡಿ ಅನ್ನಬೇಕು. ತಿಳೀತ?"

"ಹೂಂ ರಿ. ಅಕ್ಕಡಿ ನಮಗ ಬಿಡತಿದ್ರಿ..."

"ನಿಮಗ? ನಿಮ್ಮಪ್ಪ ಗಳಿಸಿ ಇಟ್ಟ ಹೋಗ್ಯಾನೇನ? ಹೊಲ ನಂದು, ಸಾಲ ನಂದು, ಅದರಾಗಿನ ಹುಳಾನೂ ನಂದು. ಇದರಾಗಿಂದು ಒಂದ ಎಲಿ ನಿನ್ನ ಮನಿಗೆ ಹೋತಂದ್ರ ಕೈ ಕಡೀತೇನಿ, ರಂಡಿ."

ಗಾಳೆವ್ವ ಗಂಟನ್ನು ಸೆರಗಿಗೆ ಕಟ್ಟಿಕೊಂಡು ಕಸಕ್ಕೆ ಕುಳಿತಳು. ಸಂಜೆ ಮನೆಯ ಹಿಂದೆ, ಬಚ್ಚಲ ನೀರು ಹರಿಯುವ ತುಂಡು ಜಾಗದಲ್ಲಿ ಆ ಬೀಜ ಊರಿದಳು. ಅಲ್ಲಿ ಎಂಟು ಹತ್ತು ಗಿಡಕ್ಕಷ್ಟೇ ಜಾಗವಿತ್ತು.

ಅಕ್ಕಡಿಯ ಗಿಡಗಳು ಎದೆಮಟ್ಟ ಬಂದವು. ಸುತ್ತಲಿನ ಸಾಲಿನಲ್ಲಿ ಕಸಕ್ಕೆ ಕೂತವರಿಗೆ ಅದರ ವಾಸನೆಗೆ ತಲೆ ಹಿಡಿಯತೊಡಗಿತು. ಮೆಣಸಿನಗಿಡಕ್ಕೆ ಎಣ್ಣೆ, ಅಂದರೆ ಹುಳದ ಔಷಧ, ಹೊಡೆಯುವ ಆಳಿಗೆ ನೀರು ಹೊತ್ತು ಕೊಡುತ್ತಿದ್ದ ರುಬಿಯಾ ಮೂಗಿಗೆ ಸೆರಗು ಸುತ್ತಿಕೊಂಡು ಬರುತ್ತಿದ್ದಳು.

"ಗಾಂಜಾ ಹಚ್ಚಿ ಪುಂಡಿ ಅಂತಾನ ನೋಡ ಯಕ್ಕಾ, ಇವನ ಪುಂಡಿ ಸುಡ್ಲಿ. ನನಗ ತಲಿ ಒಡೀತೈತಿ. ನಿನಗೇನೂ ಆಗವಲ್ದಾ?"

"ನನಗ ಮೂಗೆಲ್ಲೈತಿ ಬೇ."

"ಅಲ್ಲಾ ನಿನ್ನ ಮೂಗ ಒಯ್ಯೂ ಮುಂದ ನನ್ನದೂ ಒಯ್ಯಬೇಕಿತ್ತು."

ಈ ಮಾತು ಸಂಗನಬಸವನ ಕಿವಿಗೆ ಬಿದ್ದು, ಮರುದಿನದಿಂದ ಆ ಸಾಲಿನ ಕೆಲಸವೆಲ್ಲ ಗಾಳೆವ್ವನೊಬ್ಬಳ ಪಾಲಿಗೆ ಬಂತು.

ದಸರೆ ಮುಗಿದರೂ ಮಳೆ ಬಿಡಲಿಲ್ಲ. ಎರೆಮಣ್ಣಿನ ಹೊಲ ಕಾಲು ಕಚ್ಚುತ್ತಿತ್ತು. ಗಿಡಗಳು ಹೂ ತೆನೆ ಕಟ್ಟಿದ್ದವು. ಒಂದು ದಿನ ಸಂಗನಬಸವನ ಅಕ್ಕನ ಮಗ ಕಾಶಿನಾಥ ಬೈಕಿನ ಮೇಲೆ ಬಂದ. ಗೊಬ್ಬರ, ಔಷಧದ ಅಂಗಡಿ ಇಟ್ಟವನು. ಈ ಬೆಳೆಯ ಬೀಜ ತಂದವನೂ ಅವನೇ, ಗಿರಾಕಿ ನೋಡುವವನೂ ಅವನೇ. ಒಂದು ತೆನೆಯನ್ನು ಹೆಬ್ಬೆರಳಿನಿಂದ ಸೀಳಿದ. ಒಳಗೆ ಬೂದು ಬಣ್ಣದ ಬೂಸರು ಹಳೇ ಹತ್ತಿಯ ಹಾಗೆ ಗಂಟುಗಟ್ಟಿತ್ತು. ಹಸಿರು ಹುಳವೊಂದು ಅವನ ಉಗುರಿನ ಮೇಲೆ ಬಿತ್ತು.

"ಏನಿದು?"

"ಕೀಡಿ ರಿ."

"ಅದು ಕೊರದ ತೂತಿನಾಗ?"

"ಬೂಸರ ರಿ."

"ಇಷ್ಟ ಕೊಳತ ನಾರಾಕತ್ತೈತಿ. ಸೂಳಿ, ನಿನಗ ವಾಸನಿ ಬರಲಿಲ್ಲೇನ?"

"ನನಗ ವಾಸನಿ ತಿಳೀದಿಲ್ರಿ."

ಕಾಶಿನಾಥ ಮಾವನ ಕಡೆ ತಿರುಗಿದ. "ಮಾಮಾ, ಚಲೋ ಆಳ ಹುಡುಕೀರಿ. ಕುರುಡನ್ನ ಬಸ್ ಡ್ರೈವರ್ ಮಾಡಿದಂಗ ಆತು."

"ಮೂಗಿದ್ದಾವ್ರು ಊರ ತುಂಬಾ ಹೇಳಕೋತ ತಿರಗತಾರ," ಸಂಗನಬಸವ ಹೇಳಿದ. "ಇದಕ್ಕೇನೂ ಗೊತ್ತಾಗೂದಿಲ್ಲಂತನ ಇಟ್ಟೇನಿ."

ಗಾಳೆವ್ವ ಇಬ್ಬರ ನಡುವೆಯೇ ನಿಂತಿದ್ದಳು.

ಮದ್ದು ಹೊಡೆಯುವಂತಿಲ್ಲ ಎಂದು ಕಾಶಿನಾಥ ಹೇಳಿದ. "ಸೇದಾವ್ರ ಎದಿಗೆ ಹೋಗತೈತಿ ಅದು. ದೊಡ್ಡ ಮಂದಿ. ಕೈಲೇನ ಆರಸು. ಬೂಸರ ಹಿಡದದ್ದನ್ನ ಕೊಯ್ದ ಒಗಿ."

ನೀರಿನ ಕೊಡ ಇಳಿಸುತ್ತಿದ್ದ ರುಬಿಯಾ ಅವರು ದೂರ ಹೋದ ಮೇಲೆ ಹತ್ತಿರ ಬಂದಳು. ಆಕೆಯ ಹಿಂದೆ ಮೆಣಸಿನಗಿಡಕ್ಕೆ ಎಣ್ಣೆ ಹೊಡೆಯುವ ಪಂಪು ಜುಯ್ಯೆನ್ನುತ್ತಿತ್ತು.

"ಸೇದಾವ್ರ ಎದಿ ಎದಿ. ನಮ್ಮದೇನ ತಗಡಿಂದಾ ಯಕ್ಕಾ?"

"ತಗಡಾಗಿದ್ರ ಗುಜರಿಯವಾ ಒಯ್ದಿರತಿದ್ದ, ಸುಮ್ನಿರು."

ನಸುಕಿನಲ್ಲಿ ಎದ್ದು ಹೋಗಿ ಗಿಡಗಿಡವನ್ನೂ ಅಲುಗಿಸಿ ನೀರು ಉದುರಿಸಬೇಕು. ಆಮೇಲೆ ತೆನೆ ತೆನೆ ಬಿಡಿಸಿ ಹುಳ ಆರಿಸಿ ಸೋಪಿನ ನೀರಿನ ಡಬ್ಬಿಗೆ ಹಾಕಬೇಕು. ಬೂಸರು ಹಿಡಿದದ್ದನ್ನು ಕುಡುಗೋಲಿನಿಂದ ಕೊಯ್ದರೆ ಹಿಟ್ಟಿನ ಹಾಗೆ ಧೂಳು ಏಳುತ್ತಿತ್ತು. ಗಾಳೆವ್ವನಿಗೆ ಕೆಮ್ಮು ಹತ್ತಿತು. ಬೆರಳಿಗೆ ಮೆತ್ತಿದ ಕಪ್ಪು ಅಂಟು ತಿಕ್ಕಿದರೂ ಹೋಗುತ್ತಿರಲಿಲ್ಲ, ಅದೇ ಕೈಯಿಂದ ರೊಟ್ಟಿ ಮುರಿಯುತ್ತಿದ್ದಳು. ಮಧ್ಯಾಹ್ನ ಸ್ವಲ್ಪ ಹೊತ್ತು ನೆಲ ತನ್ನಿಂದ ದೂರ ಇದ್ದಂತೆ ಅನ್ನಿಸುತ್ತಿತ್ತು. ಚೆನ್ನಾಗಿ ಉಳಿದ ತೆನೆಗಳನ್ನು ಚೀಲದಲ್ಲಿ ಹೊತ್ತು ಸಾವಕಾರನ ಮನೆಯ ಅಟ್ಟಕ್ಕೆ ಒಯ್ಯುವುದೂ ಆಕೆಯ ಕೆಲಸ. ಪಡಸಾಲೆ ದಾಟುವಂತಿರಲಿಲ್ಲ. ದನದ ಕೊಟ್ಟಿಗೆಯ ಹಿಂದೆ ಏಣಿ ಹಚ್ಚಿ ಕೊಟ್ಟಿದ್ದರು.

ಕೊಯ್ದು ಒಗೆದ ರೋಗದ ತೆನೆ ಬದುವಿನ ಮೇಲೆ ಗುಡ್ಡೆಯಾಯಿತು. ಅದನ್ನು ನೋಡಿ ಕಾಶಿನಾಥ ಬೈಕು ಇಳಿಯದೆ ಹೇಳಿ ಹೋದ. "ಅದನ್ನ ಇಲ್ಲದಂಗ ಮಾಡಿ ಬಿಡು."

ರೋಗದ ಗಿಡವನ್ನು ಇಲ್ಲದಂತೆ ಮಾಡುವುದು ಅಂದರೆ ನಮ್ಮವರಿಗೆ ಒಂದೇ ಅರ್ಥ. ಮುಟರು ರೋಗ ಬಿದ್ದು ಎಲೆ ಮುದುಡಿದ ಮೆಣಸಿನಗಿಡ ಕಿತ್ತು ಬದುವಿನ ಮೇಲೆ ಸುಡುತ್ತಾರೆ, ಇಲ್ಲವಾದರೆ ಮುಂದಿನ ಸಾಲಿಗೆ ದಾಟುತ್ತದೆ. ಮರುದಿನ ಗಾಳೆವ್ವ ಒಣಗಿದ ಹತ್ತಿಕಟಿಗೆ ತಂದು ಕೆಳಗೆ ಒಟ್ಟಿ ಬೆಂಕಿ ಇಟ್ಟಳು. ಹಸಿ ತೆನೆ ಉರಿಯಲಿಲ್ಲ. ಹೊಗೆಯಾಡಿತು. ಮೋಡದ ದಿನ, ಹೊಗೆ ಮೇಲೇಳದೆ ಹೊಲದ ಮೇಲೆ ಹಾಸಿಕೊಂಡು ರಸ್ತೆಗೆ ಇಳಿಯಿತು. ಅವತ್ತು ಗುಡಗೇರಿ ಸಂತೆ. ಟೆಂಪೋಗಳು, ಬೈಕುಗಳು ನಿಧಾನ ಮಾಡಿದವು. ಕೆಲವರು ನಿಂತೇ ಬಿಟ್ಟರು.

ಒಬ್ಬ ಕೂಗಿದ. "ಯವ್ವಾ, ಯಾವ ದೇವರಿಗೆ ಬೇ ಈ ಧೂಪಾ?"

"ರೋಗದ ಗಿಡಾರೀ," ಗಾಳೆವ್ವ ಹೇಳಿದಳು.

ರಸ್ತೆಯವರೆಲ್ಲ ನಕ್ಕರು. ಏಕೆ ನಕ್ಕರೆಂದು ಆಕೆಗೆ ತಿಳಿಯಲಿಲ್ಲ. ಚಳಿ ಇತ್ತು. ಬೆಂಕಿಯ ಹತ್ತಿರ ಕೂತು ಕೈ ಕಾಸಿಕೊಂಡಳು.

ಮರುದಿನ ಮುಂಜಾನೆ ಪೊಲೀಸ್ ಜೀಪು ಬಂತು. ಹೊಲದಲ್ಲಿ ಇದ್ದವರು ಗಾಳೆವ್ವ ಮತ್ತು ರುಬಿಯಾ ಇಬ್ಬರೇ. ಸಾಹೇಬ ಅಕ್ಕಡಿಯ ಮುಂದೆ ನಿಂತು ಕೇಳಿದ.

"ಏನಿದು?"

"ಪುಂಡಿ ರಿ."

ಪೇದೆ ಆಕೆಯ ಕಪಾಳಕ್ಕೆ ಹೊಡೆದ. ಮತ್ತೆ ಕೇಳಿದ. ಹೇಳು ಎಂದು ಕಲಿಸಿದ್ದು ಅದೊಂದೇ ಉತ್ತರ. ಎರಡನೆಯ ಸಲವೂ ಅದನ್ನೇ ಹೇಳಿ ಇನ್ನೊಂದು ಹೊಡೆತ ತಿಂದಳು.

ಸಂಗನಬಸವ ಬಿಳಿ ಅಂಗಿ ಹಾಕಿಕೊಂಡು ಬಂದ. ಅವನ ಹಿಂದೆ ಆಳು ಕುರ್ಚಿ ಹೊತ್ತು ತಂದ, ಚಹಾದ ಥರ್ಮಾಸ್ ತಂದ. ಸಂಗನಬಸವ ಗಿಡಗಳನ್ನು ಮೊದಲ ಸಲ ನೋಡುವವನಂತೆ ನೋಡಿದ.

"ಅಯ್ಯ ಗಾಳೆವ್ವಾ, ಇದೇನ ಮಾಡೀದಿ ತಂಗಿ?"

ಅವನ ಬಾಯಲ್ಲಿ ತನ್ನ ಹೆಸರನ್ನು ಆಕೆ ಅದೇ ಮೊದಲು ಕೇಳಿದ್ದು.

"ಹೊಲ ನಿಮ್ಮದಲ್ಲೇನ್ರಿ?" ಸಾಹೇಬ ಕೇಳಿದ.

"ಹೊಲ ನಂದ್ರಿ ಸಾಹೇಬ್ರ. ನಮ್ಮ ಕಡೆ ಒಂದ ಪದ್ಧತಿ ಐತ್ರಿ, ನಮ್ಮಜ್ಜನ ಕಾಲದ್ದು. ಅಕ್ಕಡಿ ಸಾಲ ಕಸಾ ತಗಿಯೂ ಹೆಣ್ಮಕ್ಕಳದು. ಅದರಾಗ ಅವರು ಏನ ಬಿತ್ತತಾರ, ಏನ ಕೀಳತಾರ, ನಾವ ಕಣ್ಣೆತ್ತಿ ನೋಡೂದಿಲ್ರಿ. ಬಡವರ ಅನ್ನ ಅದು." ಅವನು ರುಬಿಯಾಳ ಕಡೆ ತಿರುಗಿದ. "ಹೌದೋ ಅಲ್ಲೋ, ನೀನ ಹೇಳ ಬೇ."

ರುಬಿಯಾ ಗಾಳೆವ್ವನನ್ನು ನೋಡಿದಳು. "ಹೌದ್ರಿ. ಆದ್ರ ಈ ವರ್ಷ..."

"ಪದ್ಧತಿ ಐತೋ ಇಲ್ಲೋ, ಅಷ್ಟ ಹೇಳು," ಪೇದೆ ಅಂದ.

"ಐತ್ರಿ."

ಪೇದೆ ಬರೆದುಕೊಂಡ. ರುಬಿಯಾ ಕೊಡ ಎತ್ತಿಕೊಂಡಳು. ಅದರಲ್ಲಿ ನೀರು ಇರಲಿಲ್ಲ. ಹಾಗೇ ಸೊಂಟಕ್ಕೆ ಇಟ್ಟುಕೊಂಡು ನಿಂತಳು.

"ಒಣಾ ಮಾಲ ಸಾವಕಾರ್ರ ಅಟ್ಟದ ಮ್ಯಾಲ ಐತ್ರಿ," ಗಾಳೆವ್ವ ಹೇಳಿದಳು. "ನಾನ ಹೊತ್ತ ಹಾಕೇನಿ."

ಸಾಹೇಬ ಊರಿನ ಕಡೆ, ಸಾವಕಾರನ ಮನೆಯ ಹೆಂಚು ಕಾಣುವ ದಿಕ್ಕಿಗೆ ನೋಡಿದ. ಸಂಗನಬಸವ ಕಪ್ಪಿಗೆ ಚಹಾ ಬಗ್ಗಿಸಿ ಕೊಟ್ಟ. ಸಾಹೇಬ ಕುಡಿದ.

"ಕೇಳಿದ್ದಕ್ಕ ಉತ್ತರ ಕೊಡು. ಅಕ್ಕಡಿ ನಿಂದೋ ಅಲ್ಲೋ?"

"ಹೋದ ವರ್ಷದ ತನಕ ನಂದಿತ್ರಿ."

"ಅಂದ್ರ ನಿಂದ."

ಗಿಡಗಳನ್ನು ಆಕೆಯಿಂದಲೇ ಕೀಳಿಸಿದರು. ಕೀಳುವಾಗಲೂ ಅಭ್ಯಾಸ ಬಿಡದೆ, ಹುಳ ಕಂಡಲ್ಲಿ ಆರಿಸಿ ಡಬ್ಬಿಗೆ ಹಾಕಿದಳು. ಪೇದೆ ಡಬ್ಬಿಯನ್ನು ಒದ್ದ.

ಅಲ್ಲಿಂದ ಕೇರಿಗೆ ಬಂದರು. ಮನೆಯೊಳಗೆ ಗಡಿಗೆ, ಹಾಸಿಗೆ ಹೊರಗೆಳೆದರು. ಏನೂ ಸಿಗಲಿಲ್ಲ. ಒಬ್ಬ ಪೇದೆ ಹಿತ್ತಿಲಿಗೆ ಹೋಗಿ ಅಲ್ಲಿಂದಲೇ ಕೂಗಿದ.

"ಸರ್, ಇಲ್ಲೂ ಬೆಳದಾಳ್ರಿ."

ಬಚ್ಚಲ ನೀರಿನಲ್ಲಿ ಬೆಳೆದ ಗಿಡಗಳು ಸೊಂಟದೆತ್ತರ ಇದ್ದವು. ಬೆರಳು ಬಿಡಿಸಿದಂಥ ಎಲೆ.

"ಅದು ಪುಂಡಿ ರಿ," ಗಾಳೆವ್ವ ಹೇಳಿದಳು.

"ಹೊಲದಾಗೂ ಪುಂಡಿ ಅಂದಿ."

"ಇದು ಖರೇನ ಪುಂಡಿ ರಿ."

"ಅದು ಸುಳ್ಳ ಪುಂಡಿ, ಇದು ಖರೇ ಪುಂಡಿ," ಪೇದೆ ಅಂದ. "ಕೀಳ ಬೋಸುಡಿ."

ಕೇರಿಯವರೆಲ್ಲ ಹೊರಗೆ ಬಂದು ನಿಂತಿದ್ದೆವು. ಅದು ಪುಂಡಿ ಎಂದು ನಮ್ಮೆಲ್ಲರಿಗೂ ಗೊತ್ತಿತ್ತು. ಅಷ್ಟು ಮಂದಿಯಲ್ಲಿ ಬಾಯಿ ಬಿಟ್ಟವರಿಲ್ಲ. ಗಾಳೆವ್ವ ಬಗ್ಗಿ ಒಂದೊಂದೇ ಕಿತ್ತಳು. ಬೇರಿನ ಮಣ್ಣು ಝಾಡಿಸಿ ಸಾಲಾಗಿ ಇಟ್ಟಳು. ಕೊನೆಯದನ್ನು ಕೈಯಲ್ಲಿ ಹಿಡಿದುಕೊಂಡು, ಒಂದು ಎಲೆ ಹರಿದು ಬಾಯಿಗೆ ಹಾಕಿಕೊಂಡಳು. ಅಗಿದಳು.

"ಸರ್, ಸಾಕ್ಷಿ ತಿನ್ನಾಕ ಹತ್ಯಾಳ್ರಿ."

"ಉಗುಳಸಲೇ."

ಆಕೆ ನುಂಗಿದಳು. ಇನ್ನೊಂದು ಎಲೆ ಹರಿದು ಸಾಹೇಬನ ಕಡೆ ಚಾಚಿದಳು.

"ಹುಳಿ ಐತ್ರಿ. ತಿಂದ ನೋಡ್ರಿ."

ಯಾರೂ ತೆಗೆದುಕೊಳ್ಳಲಿಲ್ಲ. ಆ ಎಲೆಯನ್ನೂ ತಾನೇ ತಿಂದಳು. ಆಮೇಲೆ ಟೊಂಗೆಯ ಮೇಲೆ ಕೈ ಎಳೆದು ಇದ್ದ ಎಲೆಯೆಲ್ಲ ಕಿತ್ತು, ಎರಡೂ ಕೈಯಿಂದ ಬಾಯಿಗೆ ತುರುಕಿಕೊಂಡಳು. ಗದ್ದದಿಂದ ಹಸಿರು ನೀರು ಇಳಿಯಿತು. ಪೇದೆ ದವಡೆ ಒತ್ತಿ ಹಿಡಿದ. ಆಕೆ ಅವನ ಕೈಯಲ್ಲೇ ಅಗಿಯುತ್ತ ಹೋದಳು. ಪೂರ್ತಿ ನುಂಗಿದ ಮೇಲೆ ಬಾಯಿ ತೆರೆದು ತೋರಿಸಿದಳು.

ಜೀಪಿನ ಬಾನೆಟ್ಟಿನ ಮೇಲೆ ಪಂಚನಾಮೆ ಬರೆದರು. ಹೊಲದ್ದು ಇಪ್ಪತ್ತಾರು ಗಿಡ, ಹಿತ್ತಿಲದ್ದು ಒಂಬತ್ತು. ಒಟ್ಟು ಗಾಂಜಾ ಗಿಡ ಮೂವತ್ತೈದು.

ಒಂಬತ್ತು ಪುಂಡಿ. ಅದರಲ್ಲಿ ಒಂದು ಬೀಜಕ್ಕೆ ಬಿಟ್ಟದ್ದು.