ಕೂದಲೆಳೆಯಷ್ಟು ಪ್ರಭಾವಳಿ

೧
ಎಲ್ಲಿಂದ ಶುರು ಮಾಡಲಿ? ಅರಮನೆಯಿಂದ ಮಾಡಿದರೆ ನಿಮಗೆ ಖುಷಿ, ಗೊತ್ತು. ಅಲ್ಲೊಬ್ಬಳು ರಾಣಿ. ಅವಳ ಗೋಡೆಯ ಮೇಲೆ ಹಳೆಯ ಹೆಸರಾಂತ ಚಿತ್ರ: ಕುರ್ಚಿಯಲ್ಲಿ ಕೂತ ಮೇರಿ, ಮಡಿಲಲ್ಲಿ ಮಗು. ಅದರ ಅಂಗೈಯಗಲದ ಎನಾಮೆಲ್ ಪ್ರತಿ ಅವಳಿಗೆ ಬೇಕಂತೆ, ನೂರು ವರ್ಷವಾದರೂ ಬಣ್ಣ ಮಾಸಬಾರದಂತೆ. ಆಯಿತು, ರಾಣಿಗೆ ಕೊಟ್ಟ ಜಾಗ ಸಾಕು.

೨
ಜಿನೀವಾ, ಸಾಂ-ಜೆರ್ವೆ ಕೇರಿ, ಐದನೇ ಮಹಡಿ. ಬೆಳಕು ಬೇಕಾದ ಕಸುಬಿನವರೆಲ್ಲ ನಮ್ಮಲ್ಲಿ ಸೂರಿನಡಿಯೇ ಇರುವುದು. ರಾಣಿ ಕಳಿಸಿದ ತೈಲಚಿತ್ರದ ನಕಲನ್ನು ಎದುರಿಗಿಟ್ಟುಕೊಂಡು ಎನಾಮೆಲ್ ಕಸುಬಿನ ಪೆರ್ನೆಟ್ ಎಂಟು ತಿಂಗಳಿಂದ ತಾಮ್ರದ ತಗಡಿನ ಮೇಲೆ ಗಾಜಿನ ಪುಡಿಯ ಬಣ್ಣ ಕೂರಿಸುತ್ತಿದ್ದಾಳೆ. ಬರೆಯುವುದು, ಸುಡುವುದು, ಮತ್ತೆ ಬರೆಯುವುದು. ತಗಡು ಹನ್ನೊಂದು ಸಲ ಕುಲುಮೆ ಹೊಕ್ಕು ಬಂದಿದೆ.

ತಗಡಿನ ಬೆನ್ನಿಗೆ ಹೆಸರು ಬರೆದು ಸುಡುವುದು ಇಲ್ಲಿನ ವಾಡಿಕೆ. ಇಪ್ಪತ್ತು ವರ್ಷ ಅವಳು ಬರೆದದ್ದರ ಬೆನ್ನಿಗೆಲ್ಲ ಗಂಡ ಗೆಡೆಯೋನನ ಹೆಸರು. ಈ ಸಲ ಮೊದಲ ಬಾರಿಗೆ ಅವಳದೇ.

(ಇಲ್ಲಿ ಗಂಡನನ್ನು ಖಳನಾಗಿಸಿ ಎರಡು ಪುಟ ಗೀಚಿದ್ದೆ. "ಅವಳ ಹೆಸರು ಹಾಕು ಅಂದೋನೇ ನಾನು, ಮಾರಾಯ," ಅಂದ ಅವನು. ಹರಿದೆ. ಖಳನಿಲ್ಲದೆ ಕಥೆ ಬರೆಯುವ ಕಷ್ಟ ನಿಮಗೇನು ಗೊತ್ತು.)

೩
ಇವತ್ತು ಮಧ್ಯಾಹ್ನ ಅದನ್ನು ಒಯ್ಯಲು ರಾಣಿಯ ಕಡೆಯವನು ಬರುತ್ತಾನೆ. ಬೆಳಗ್ಗೆ ಹಾಲು-ಕಾಫಿ ಕುಡಿಯುತ್ತ ಗೆಡೆಯೋನ್ ತೈಲಚಿತ್ರದ ಹತ್ತಿರ ಬಗ್ಗಿದ.

"ಲೇ, ಇವಳ ತಲೆ ಮೇಲೆ ಇದೇನೇ ಗೆರೆ?"

"ಕೂದಲು ಅಂಟಿರ್ಬೇಕು, ಒರೆಸಿ."

"ಮಗೂ ತಲೆಗೂ ಅಂಟಿದೆಯಲ್ಲೇ."

ಪೆರ್ನೆಟ್ ಬಟ್ಟಲು ಕೆಳಗಿಟ್ಟಳು. ಪ್ರಭಾವಳಿ. ತೆಳು ಚಿನ್ನದ ಗೆರೆ.

ನಮ್ಮದು ಪ್ರಾಟೆಸ್ಟೆಂಟ್ ಊರು, ಚರ್ಚಿನ ಗೋಡೆಗಳು ಬೋಳು. ಅಜ್ಜನ ಅಜ್ಜಂದಿರು ವಿಗ್ರಹ, ಚಿತ್ರ ಎಲ್ಲ ಕಿತ್ತೆಸೆದು ಸುಣ್ಣ ಬಳಿದರು. ಪ್ರಭಾವಳಿ ಕಾಣದೆ ಬೆಳೆದ ಕಣ್ಣು ಎಂಟು ತಿಂಗಳು ನೋಡಿಯೂ ಅದನ್ನು ನೋಡಿರಲಿಲ್ಲ. ರಾಣಿಯೋ ಕ್ಯಾಥೊಲಿಕ್. ಮೊದಲು ಹುಡುಕುವುದೇ ಅದನ್ನು.

ಚಿನ್ನ ಕೂರಬೇಕಾದರೆ ಇನ್ನೊಂದು ಸುಡುವಿಕೆ ಬೇಕು. ಆದರೆ ಹನ್ನೊಂದನೇ ಸಲ ತಣಿಯುವಾಗಲೇ ತಗಡು 'ಟಿಣ್' ಅಂದಿತ್ತು. ಗಾಜಿನೊಳಗೆ ಬಿರುಕು ಶುರುವಾಗುವ ಆ ಸದ್ದು ಕೇಳಿದರೆ ಈ ಬೀದಿಯಲ್ಲಿ ಯಾರೂ ತಗಡನ್ನು ಮತ್ತೆ ಬೆಂಕಿಗಿಡುವುದಿಲ್ಲ.

೪
ಡ್ರಾಫ್ಟ್ ಒಂದು: ತಗಡಿನ ಮೇಲಿನ ಗಾಜು ಒಡೆದು ಚೂರಾಗುತ್ತದೆ. ಪೆರ್ನೆಟ್ ಆ ಚೂರುಗಳನ್ನು ರಾಣಿಯ ಕಡೆಯವನ ಮುಖಕ್ಕೆ ಎಸೆಯುತ್ತಾಳೆ. ಎಷ್ಟು ಚೆನ್ನಾಗಿ ಬಂದಿತ್ತು ಅಂತೀರಿ.

"ನಿನ್ನ ಸಿಟ್ಟಿಗೆ ನನ್ನ ತಗಡು ಯಾಕೋ ಒಡೀಬೇಕು? ನಿಂದೇ ಏನಾದ್ರೂ ಒಡ್ಕೋ ಹೋಗು," ಅಂದಳು ಪೆರ್ನೆಟ್, ಅದನ್ನು ಕೇಳಿ.

ಡ್ರಾಫ್ಟ್ ಎರಡಕ್ಕೆ ನಾನೇ ಸಲಹೆ ಕೊಟ್ಟೆ. "ಹಾಗಾದ್ರೆ ಸುಡಬೇಡಕ್ಕಾ. ಹಂಗೇ ಕೊಟ್ಬಿಡು. ಬರೋನಿಗೆ ಗೊತ್ತಾಗಲ್ಲ."

"ನನಗೆ ಗೊತ್ತಾಯ್ತಲ್ಲ. ಬೆನ್ನ ಮೇಲೆ ಹೆಸರು ಯಾರದು?"

"ಒಡೆದ್ರೆ ಆ ಹೆಸರೂ ಹೋಗುತ್ತೆ."

"ಹೋಗಲಿ. ಅರೆಬರೆ ಕೆಲಸಕ್ಕೆ ಹಾಕೋ ಹೆಸರಾದ್ರೆ ಇವರದ್ದೇ ಇತ್ತಲ್ಲ."

ಗೆಡೆಯೋನ್ ಹೊಟ್ಟೆ ಹಿಡಿದು ನಕ್ಕ. "ನೋಡಿದ್ಯಾ? ಇಪ್ಪತ್ತು ವರ್ಷದಿಂದ ಹಿಂಗೇ." ನಗುತ್ತಲೇ ಕುಲುಮೆಗೆ ಇದ್ದಿಲು ಸುರಿದ.

೫
ಚಿನ್ನದ ಎರಡು ಗೆರೆ ಎಳೆಯಲು ಅವಳಿಗೆ ಹಿಡಿದದ್ದು ಎರಡು ಉಸಿರು. ತಗಡನ್ನು ಕುಲುಮೆಯ ಬಾಯಲ್ಲಿ ನಿಧಾನ ಕಾಯಿಸಿ ಒಳಗೆ ತಳ್ಳಿದಳು. ಹೊರತೆಗೆದು ಬಿಸಿ ಇಟ್ಟಿಗೆಯ ಮೇಲಿಟ್ಟು ಕಬ್ಬಿಣದ ಮುಚ್ಚಳ ಮುಚ್ಚಿದಳು. ಆಮೇಲೆ ಹಾಡು ಗುನುಗುತ್ತ ಸಾಸೇಜು ಹೆಚ್ಚಲು ಕೂತಳು. ಇಂಥ ಹೊತ್ತಲ್ಲಿ ನನ್ನ ನಾಯಕಿಯರು ಅಳಬೇಕು. ಇವಳಿಗೆ ಹಸಿವಂತೆ.

ಮೆಟ್ಟಿಲ ಮೇಲೆ ಬೂಟಿನ ಸದ್ದು. ನಾನು ಬಾಗಿಲಲ್ಲಿ ನಿಂತು ಇಣುಕಿದೆ. (ನೀವೂ ಇಣುಕಿದಿರಿ, ಸುಳ್ಳು ಹೇಳಬೇಡಿ.)

"ಏ, ಬಾಗಿಲು ತೆಕ್ಕೊಂಡು ನಿಂತಿದ್ದೀಯಲ್ಲೋ. ತಣ್ಣನೆ ಗಾಳಿ ಬಡಿದ್ರೆ ಒಡೆದೇ ಹೋಗುತ್ತೆ."

"ಕೊನೆಗೇನಾಯ್ತು ಅಂತ ಓದೋರು ಕೇಳ್ತಾರಕ್ಕಾ."

"ತಣೀಲಿ ಅನ್ನು. ಅವರನ್ನೂ ಕರ್ಕೊಂಡು ಆಚೆ ಹೋಗು."

ಬಾಗಿಲು ಹಾಕಿದೆ. ಹಾಕಿದವನು ನಾನೇ, ಮೆಲ್ಲಗೆ, ಒಂದಿಷ್ಟೂ ಗಾಳಿ ನುಗ್ಗದ ಹಾಗೆ.

ರಾಣಿಯ ಕಡೆಯವನು ಏದುಸಿರು ಬಿಡುತ್ತ ಮೇಲೆ ಬಂದ. "ಮುಗೀತಾ?"

ಒಳಗೆ ಗೆಡೆಯೋನನ ನಗು. ಚಾಕುವಿನ ಸದ್ದು. ಇನ್ನೂ 'ಟಿಣ್' ಇಲ್ಲ.

ಮೆಟ್ಟಿಲ ಮೇಲೆ ಸರಿದು ಅವನಿಗೂ ನಿಮಗೂ ಜಾಗ ಮಾಡಿದೆ.

"ಕೂತ್ಕೊಳ್ಳಿ ಸ್ವಾಮಿ. ರಾಣಿ ಕಾಯಲಿ."